ತೆಲವಿಯಲ್ಲಿ ಗೌನಿನ ಅಳತೆ

ಕೈ ಎತ್ತು ತೆಕ್ಲೆ, ಉಸಿರು ಬಿಡು.
ಹೊಟ್ಟೆ ಒಳಗೆಳೆದು ಅಳತೆ ಕೊಟ್ಟವರೆಲ್ಲ
ಊಟದ ಹೊತ್ತಿಗೆ ನನ್ನನ್ನು ಬೈದಿದ್ದಾರೆ.
ಸೊಂಟದಲ್ಲಿ ಎರಡು ಬೆರಳು ಸಡಿಲ ಇರಲಿ.
ಸಂಸಾರಕ್ಕೂ ಅಷ್ಟೇ ಅಂತ ಹೇಳುವುದಿಲ್ಲ,
ನಾನು ದರ್ಜಿ, ಪಾದ್ರಿಯಲ್ಲ.

ವಾಖೋ, ನೀನು ಆ ಕಡೆ ತಿರುಗಿ ಕೂತು
ಪಟ್ಟಿ ಓದು. ಎಷ್ಟು ಜನ?
ಮುನ್ನೂರ ನಲವತ್ತು!
ಅದರಲ್ಲಿ ನಿನಗೆ ಹೆಸರು ಗೊತ್ತಿರುವವರು?
ಪೆನ್ಸಿಲ್ ತಗೋ.
ನಿನ್ನಪ್ಪನ ಗರಾಜಿನ ಗಿರಾಕಿಗಳನ್ನು ಹೊಡೆದು ಹಾಕು,
ಅತ್ತೆಯ ಹಲ್ಲಿನ ಡಾಕ್ಟರನ್ನೂ.
ಪಕ್ಕದ ಮನೆ ಝೈರಾಳನ್ನು ಮಾತ್ರ ಬಿಡು,
ಕರೆಯದಿದ್ದರೆ ಅವಳು
ಬಂದವರೆಲ್ಲರಿಗಿಂತ ಹೆಚ್ಚು ಮಾತಾಡುತ್ತಾಳೆ.

ಹಾಲ್‌ಗೆ ಆಮೇಲೆ ಮುಂಗಡ ಕೊಡಿ,
ಮೊದಲು ದ್ರಾಕ್ಷಿಯನ್ನು ಕೇಳಿ.
ಸೆಪ್ಟೆಂಬರ್ ಕೊನೆಗೆ ಇಡೀ ಕಖೇತಿ ತೋಟದಲ್ಲಿರುತ್ತದೆ,
ಅಡಿಗೆಯವನು, ಡ್ರೈವರು, ಹಾಡುವ ಮೂವರು,
ಎಲ್ಲ ಮೊಣಕಾಲಿನವರೆಗೆ ರಸದಲ್ಲಿ.
ಅಕ್ಟೋಬರ್ ನಡುವೆ ಇಟ್ಟುಕೊಳ್ಳಿ.
ಆಗ ಎಲ್ಲರ ಕೈ ಖಾಲಿ, ಜೇಬು ಮಾತ್ರ ತುಸು ಭರ್ತಿ.

ಮೇಜಿಗೆ ಯಜಮಾನ, ತಮಾದ, ಯಾರು? ಮಾವ ತೆಂಗಿಜ್?
ಒಳ್ಳೆ ಮನುಷ್ಯ. ಗ್ಲಾಸು ಎತ್ತಿದನೆಂದರೆ
ಸತ್ತವರಿಂದ ಶುರು ಮಾಡಿ
ಹುಟ್ಟದವರ ತನಕ ಹರಸುತ್ತಾನೆ,
ಅಷ್ಟರಲ್ಲಿ ಮಾಂಸ ಆರಿ ಕಲ್ಲು.
ಅವನ ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿ.
ಬೇರೆ ಉಪಾಯ ಇಪ್ಪತ್ತಾರು ವರ್ಷದಲ್ಲಿ ನನಗೆ ಕಂಡಿಲ್ಲ.

ಹೊಸ ಬೂಟು ಹತ್ತು ದಿನ ಮನೆಯಲ್ಲಿ ಹಾಕಿಕೊಂಡು
ಪಾತ್ರೆ ತೊಳಿ. ನೀನೂ, ವಾಖೋ.
ತಲೆ ಮೇಲೆ ಕಿರೀಟ ಹಿಡಿದು ನಿಲ್ಲುವ ಗೆಳೆಯನಿಗೆ
ಬೆಳಿಗ್ಗೆಯೇ ಏನಾದರೂ ತಿನ್ನಿಸಿ,
ಚರ್ಚಿನಲ್ಲಿ ಬವಳಿ ಬಂದು ಬಿದ್ದವರನ್ನು ಕಂಡಿದ್ದೇನೆ.
ಹೊಸ್ತಿಲಲ್ಲಿ ತುಳಿದು ಒಡೆಯುವ ತಟ್ಟೆ
ಅಗ್ಗದ್ದು, ತೆಳ್ಳನೆಯದು ತನ್ನಿ.
ಗಟ್ಟಿ ತಟ್ಟೆ ತಂದು, ಮೂರು ಸಲ ತುಳಿದು
ಹಿಮ್ಮಡಿ ಉಳುಕಿಸಿಕೊಂಡವನ ಹೆಸರು ಹೇಳುವುದಿಲ್ಲ,
ಅವನು ಒಳಗೆ ಇಸ್ತ್ರಿ ಹಾಕುತ್ತಿದ್ದಾನೆ.

ಆಮೇಲೆ ಎಲ್ಲಿಗೆ? ಬಟುಮಿಗೆ. ಎಲ್ಲರೂ ಬಟುಮಿಗೇ.
ಅಕ್ಟೋಬರಿನ ಕಪ್ಪು ಸಮುದ್ರಕ್ಕೆ
ಹೊಸ ಜೋಡಿಗಳ ಮೇಲೆ ಏನೋ ಹಗೆ, ಬಿಡದೆ ಸುರಿಯುತ್ತದೆ.
ಸಮುದ್ರ ಕಾಣುವ ಕಿಟಕಿಗೆ ದುಡ್ಡು ಹಾಕಬೇಡಿ,
ಬಿಸಿನೀರು ಬರುತ್ತದಾ ಕೇಳಿ, ಹೀಟರು ಕೇಳಿ.
ಮಾರನೆಯ ದಿನವೇ ಹೊರಡಬೇಡಿ. ಒಂದು ದಿನ ನಿದ್ದೆ ಹೊಡೆಯಿರಿ.
ಲಕೋಟೆಗಳನ್ನು ಇಬ್ಬರೂ ಕೂತು ಒಡೆದು
ಯಾರದು ಎಷ್ಟು, ಬರೆದಿಡಿ:
ನಾಳೆ ಅವರ ಮಗಳ ಮದುವೆಗೆ
ಅಷ್ಟೇ ಹೊತ್ತುಕೊಂಡು ಹೋಗಬೇಕಲ್ಲ.

ನಾವು ಬಟುಮಿ ಮುಟ್ಟಲೇ ಇಲ್ಲ.
ರಿಕೋತಿ ಘಾಟಿಯಲ್ಲಿ ಅಣ್ಣನ ಕಾರು ಹೊಗೆ ಬಿಟ್ಟು ನಿಂತಿತು.
ರಸ್ತೆಬದಿ ಮಡಕೆ ಮಾರುವವಳು
ಅಂಗಡಿಯೊಳಗೆ ಜಾಗ ಕೊಟ್ಟಳು.
ಜಗಳವಾಡಿ, ಆಡಿ, ಸಾಕಾಗಿ
ಹೂಜಿಗಳ ನಡುವೆ ಒಂದೇ ಕೋಟು ಹೊದ್ದು ಮಲಗಿದೆವು.
ಯಾರು ಮಗ್ಗುಲಾದರೂ
ಕತ್ತಲೆಯಲ್ಲಿ ಮಡಕೆಗಳೆಲ್ಲ ಟಿಣ್ ಎನ್ನುತ್ತಿದ್ದವು.
ಇದರಲ್ಲಿ ಬುದ್ಧಿಮಾತೇನೂ ಇಲ್ಲ.
ರೇಡಿಯೇಟರ್ ನೋಡಿಸಿಕೊಂಡು ಹೋಗಿ, ಅಷ್ಟೆ.

ಸೋಮವಾರ ಗೌನು ನನಗೆ ವಾಪಸು ಬರುತ್ತದೆ.
ಅಂಚು ಹಿಡಿದು ನೋಡಿದರೆ ತಿಳಿಯುತ್ತದೆ:
ಇದು ಅಂಗಳದ ಕೆಸರು, ಹೊರಗೆ ಕುಣಿದಿದ್ದಾರೆ.
ಇದು ಕೆಂಪು ವೈನು, ತಬ್ಬಿಕೊಳ್ಳುವಾಗ ಯಾರೋ
ಗ್ಲಾಸು ಕೆಳಗಿಡಲು ಮರೆತಿದ್ದಾರೆ.
ಬೆನ್ನಿನ ಗುಂಡಿ ಕಿತ್ತಿದೆ. ಅದನ್ನು ನಾನು ಕೇಳುವುದಿಲ್ಲ.

ಒಮ್ಮೆ ಒಂದು ಬಂತು, ಕೊಟ್ಟ ಹಾಗೇ,
ಮಡಿಕೆ ಮುರಿಯದೆ, ಒಂದು ಕಲೆ ಇಲ್ಲದೆ.
ಠೇವಣಿ ಪೂರ್ತಿ ಕೊಟ್ಟೆ.
ಹುಡುಗಿ ಎಣಿಸದೆ ಜೇಬಿಗಿಟ್ಟುಕೊಂಡಳು.

ಈಗ ಕೈ ಇಳಿಸು. ತಿರುಗು.
ಮೇಣ ಬಿದ್ದರೆ ಇಪ್ಪತ್ತು ಮುರಿದುಕೊಳ್ಳುತ್ತೇನೆ.
ಕೆಸರಿಗೆ ಏನೂ ಇಲ್ಲ.