ನೂರು ಟನ್ನಿಗೆ ಇಷ್ಟು

ಅಮ್ಮ ಮೊರದಲ್ಲಿ ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದಳು.
ನಾನು ಪರ್ತ್ ನಗರದ ಅಂಚಿನ ವೆಲ್ಷ್‌ಪೂಲಿನಲ್ಲಿ,
ತಗಡಿನ ಶೆಡ್ಡಿನೊಳಗೆ ಕೂತು
ಕಲ್ಲಿನಿಂದ ಕಲ್ಲು ಆರಿಸುತ್ತೇನೆ,
ಗಂಟೆಗೆ ಮೂವತ್ತೊಂದು ಡಾಲರಿಗೆ,
ನಡುವೆ ಹತ್ತು ನಿಮಿಷ ಕಣ್ಣಿಗೆ ರಜೆ.

ಉತ್ತರದ ಕಿಂಬರ್ಲಿಯಿಂದ ಬರುತ್ತವೆ ಚೀಲಗಳು,
ಬಾಯಿಗೆ ಸೀಲು, ಹೊಟ್ಟೆಯ ಮೇಲೆ ನಂಬರು.
ತೊಳೆದು, ಜರಡಿ ಹಿಡಿದು, ಆಸಿಡ್ಡಿನಲ್ಲಿ ಮೀಯಿಸಿ
ಉಳಿದ ಚಿಟಿಕೆಯನ್ನು ಮಸೂರದಡಿ ಹರಡಿದರೆ
ನೇರಳೆ ಗಾರ್ನೆಟ್ಟು, ಕರಿಯ ಕ್ರೋಮೈಟು,
ಯಾರದೋ ಕೈಗವಸಿನ ನೀಲಿ ಎಳೆ,
ಮತ್ತೆ, ಎಂದಾದರೊಮ್ಮೆ,
ಉಸಿರು ಬಿಟ್ಟರೆ ಹಾರಿಹೋದೀತೆಂಬಷ್ಟು
ಒಂದು ಬೆಳಕು.

ಈ ವರ್ಷ ಅಗೆದದ್ದು ನೂರ ಎಂಬತ್ತು ಟನ್ನು.
ಸಿಕ್ಕಿದ್ದು ಇಪ್ಪತ್ತಮೂರು ಹರಳು,
ಎಲ್ಲ ಸೇರಿ ಎರಡೂವರೆ ಕ್ಯಾರೆಟ್ಟಿಗೆ ತುಸು ಮೇಲೆ.
ನಮ್ಮ ಬೀದಿಯ ಮಾನಪ್ಪಾಚಾರ್ರ ತಕ್ಕಡಿಗೆ ಹಾಕಿದ್ದರೆ
ನಾಲ್ಕು ಗುಲಗಂಜಿ ತೂಗಿ
ಐದನೆಯದು ಇಳಿಯಲೋ ಬೇಡವೋ ಎಂದು ಯೋಚಿಸುತ್ತಿತ್ತು.

ರಾತ್ರಿ ಕರೆಂಟ್ ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದೆ.
ಟನ್ನೊಂದು ತರುವುದು ಒಂದು ಡಾಲರು ಮೂವತ್ತು ಸೆಂಟು.
ಅದನ್ನು ಅಗೆದು, ಹೊತ್ತು, ತೊಳೆಯಲು ನಲವತ್ತು.
ಡೀಸೆಲ್ಲು, ಬೋರಿನ ನೀರು, ಹೆಲಿಕಾಪ್ಟರು,
ಕ್ಯಾಂಪಿನ ಅಡುಗೆಯವನ ಸಂಬಳ,
ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹೊಳೆಯಡಿ ಮಲಗುವ ರಸ್ತೆ.
ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ,
ಇಲಿಯಾದರೂ ಕಾಲು ಕೇಜಿ ತೂಗುತ್ತಿತ್ತು.

ಕಂಪನಿಯ ಕೈಪಿಡಿಯಲ್ಲಿ ಮಾತ್ರ
ಹರಳೊಂದು ಪುಟದ ತುಂಬ ನಿಂತಿದೆ,
ಪಕ್ಕದಲ್ಲಿ ಅಳತೆಗೊಂದು ಬೆಂಕಿಕಡ್ಡಿಯೂ ಇಲ್ಲ.
ಅದನ್ನು ನಾನೇ ಹೆಕ್ಕಿದ್ದೆ, ಮಾರ್ಚಿನ ಮಂಗಳವಾರ.
ಸಾಸಿವೆ ಅದರ ಪಕ್ಕ ಕುಂಬಳಕಾಯಿ.

ಈ ಕೈಪಿಡಿ ನನಗೆ ತೋರಿಸಿದ್ದು
ಪಕ್ಕದ ಮನೆಯ ಕಾಲೀನ್ ಪ್ರಾಸರ್.
ಮೂವತ್ತೆರಡು ವರ್ಷ ಬಸ್ಸು ಓಡಿಸಿ ಕೂಡಿಟ್ಟ ಗಂಟಿನಲ್ಲಿ
ಅರ್ಧ ಇದರೊಳಗಿಟ್ಟಿದ್ದಾಳೆ,
ಏಳು ಸೆಂಟಿಗೊಂದು ಷೇರು, ಈಗ ನಾಲ್ಕು.
ಬೇಲಿಯಾಚೆಯಿಂದ ನಿಂಬೆಹಣ್ಣು ಕೊಡುತ್ತಾ ಕೇಳುತ್ತಾಳೆ:
‘ಹೇಗಿದೆಯೇ ನಮ್ಮ ಗಣಿ?’

ನಮ್ಮ ಗಣಿ!
ಕೂಸಿಲ್ಲ, ಕುಲಾವಿಗೆ ಆಗಲೇ ಮೂರನೆಯ ಸಲ ಹೊಲಿಗೆ.

ಕೆಲಸಕ್ಕೆ ಸೇರುವಾಗ ಏಳು ಪುಟಕ್ಕೆ ಸಹಿ ಹಾಕಿದ್ದೇನೆ.
ಚೀಲದಂತೆ ನನಗೂ ಬಾಯಿಗೆ ಸೀಲು.
ಭೂಪಟದಲ್ಲೇ ಇರುವುದನ್ನಷ್ಟೆ ಹೇಳಿದೆ:
‘ಮಳೆಗಾಲದಲ್ಲಿ ಆ ರಸ್ತೆ ಮುಚ್ಚಿರುತ್ತದೆ, ಕಾಲೀನ್.
ಮತ್ತೆ, ಮಾಲಿನಲ್ಲಿ ನೋಡಿದೆಯಾ,
ಯಂತ್ರದಲ್ಲಿ ಬೆಳೆದ ವಜ್ರ ಎಷ್ಟು ಅಗ್ಗ?’
ಅವಳು ನಕ್ಕಳು.
‘ವಜ್ರ ನಿಂಬೆಹಣ್ಣಲ್ಲ ಹುಡುಗಿ, ಕೊಳೆಯುವುದಿಲ್ಲ. ಕಾಯುತ್ತದೆ.’

ನಿಜ. ನೂರು ಕೋಟಿ ವರ್ಷ ಕಾದಿದೆ.
ಕಾಲೀನ್‌ಗೆ ಎಪ್ಪತ್ತೊಂದು.

ನನ್ನ ಸಂಶಯವನ್ನೂ ಒಮ್ಮೆ ಮಸೂರದಡಿ ಇಡಬೇಕಲ್ಲ.
ನಾನು ಕಂಡದ್ದು ಒಂದು ಗುಂಡಿಯ ಮಣ್ಣು.
ಅಧ್ಯಕ್ಷರು ಹೇಳುವಂತೆ ದೊಡ್ಡವು ಇನ್ನೂ ಕೆಳಗಿರಬಹುದು,
ಅವರು ಪ್ರತಿವರ್ಷ ಹಾಗೆ ಹೇಳುತ್ತಾರೆಂಬುದು
ಕೆಳಗೆ ಏನೂ ಇಲ್ಲವೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ.
ಆದರೂ ಗುಂಡಿಗೆ ಬೀಳುವ ದುಡ್ಡು ಅವರದಲ್ಲ.

ಇವತ್ತು ಹೊಸ ಚೀಲ, ನಂಬರು ನಾಲ್ಕುನೂರ ಹದಿನಾರು.
ಸೂಜಿಮೊನೆಯಿಂದ ಒಂದೊಂದೇ ಕಾಳು ಪಕ್ಕಕ್ಕೆ ಸರಿಸುತ್ತೇನೆ,
ಕಳೆದ ಸಾಲಿಗೆ ಮರಳಿ, ಇನ್ನೊಮ್ಮೆ.
ನಂಬಿಕೆ ಇಲ್ಲದವಳು
ಇಷ್ಟು ನಿಧಾನ ಹುಡುಕಬಾರದು.

ಬೆರಳಿಗಿನ್ನೂ ನಿಂಬೆಯ ವಾಸನೆ.
ಮೇಲ್ವಿಚಾರಕ ನೆವಿಲ್ ಬಾಗಿಲಿಂದ ಕೇಳುತ್ತಾನೆ,
‘ಇನ್ನೂ ಅದೇ ತಟ್ಟೆಯೇ?’