ಬೈತಖೋಲದ ಸೊನ್ನೆ

ಗುಳಿಗೆ ನುಂಗದೆ ಬನ್ನಿ ಎಂದಿದ್ದೆವು.
ನುಂಗದೆಯೇ ಬಂದರು ಪುರಸೋ ಮಾಜಾಳಿಕರ,
ಬೈತಖೋಲ ಬಂದರಿನಲ್ಲಿ ಮೂವತ್ತೊಂದು ವರ್ಷ
ಭರತಿಯ ಲೆಕ್ಕ ಬರೆದವರು.
ನನ್ನ ಕೋಣೆಯ ಹೊಸಿಲಲ್ಲಿ ನಿಂತೇಬಿಟ್ಟರು.
ಅಂಟು ತಾಗಿದ ಹಾಗೆ ಎರಡೂ ಪಾದ,
ಮುಂದಕ್ಕೆ ಬಾಗಿದ ಎದೆ,
ಹಿಂದೆ ಹೆಂಡತಿ ಶೆವಂತಿ, ಕೈಚೀಲದೊಳಗೆ
ಗುಳಿಗೆ ಡಬ್ಬಿ ಅಲುಗಿಸುತ್ತ:
'ಈಗ ಕೊಡಬಹುದಾ?'

ಇನ್ನೂ ಇಲ್ಲ.
ಬಿಳಿ ಪ್ಲಾಸ್ಟರು ಹರಿದು ಹರಿದು
ಹೊಸಿಲಿಂದ ಕುರ್ಚಿಯವರೆಗೆ ನೆಲಕ್ಕಂಟಿಸಿದೆ,
ಏಣಿ ಮಲಗಿಸಿದಂತೆ ಎಂಟು ಪಟ್ಟಿ.
ಬರಿ ನೆಲದಲ್ಲಿ ಹುಗಿದು ನಿಂತ ಕಾಲು
ಗೆರೆ ಕಂಡದ್ದೇ ಎದ್ದಿತು.
ಒಂದು. ಎರಡು. ದಾಟಿ ಬಂದರು,
ದೋಣಿಯಿಂದ ಧಕ್ಕೆಗೆ ಕಾಲಿಡುವವರ ಹಾಗೆ.

ತಲೆ ತುಂಬ ಇಪ್ಪತ್ತೊಂದು ತಂತಿ.
ಪೇಸ್ಟು ಒತ್ತುವಾಗ ನಕ್ಕರು:
'ಗಾಳಕ್ಕೆ ಎರೆ ಹಾಕುತ್ತೀ, ಬಾಯೆ.
ಕಚ್ಚುವಂಥದ್ದು ಏನೂ ಉಳಿದಿಲ್ಲ ಒಳಗೆ.'

ಪರದೆಯಲ್ಲಿ ಮೊದಲು ಬಂದದ್ದು ಮಿದುಳಲ್ಲ, ಕೈ:
ಸೆಕೆಂಡಿಗೆ ಐದು ಸಲ ಬಲ ಹೆಬ್ಬೆರಳು
ಕಾಣದ ಬೀಡಿ ಹೊಸೆಯುತ್ತದೆ,
ಅದರ ನೆರಳು ಎಲ್ಲ ಗೆರೆಯಲ್ಲೂ ಕುಣಿಯುತ್ತದೆ.
ಸೋಸಿದೆ. ಅದರಡಿ ಇನ್ನೊಂದಿತ್ತು,
ಸಣ್ಣದು, ಮೊನಚು, ಸೆಕೆಂಡಿಗೆ ಇಪ್ಪತ್ತು.
ಬೀಟಾ ಅನ್ನುತ್ತಾರೆ.
ಎಲ್ಲರ ತಲೆಯಲ್ಲೂ ಉಂಟು ಅದು, ಸುಮ್ಮನೆ ಕೂತಾಗ.
ಕೈ ಎತ್ತಬೇಕು ಅಂದುಕೊಂಡ ಕ್ಷಣ
ಇಳಿಯಬೇಕು.
ಕಾಳಿಯ ಅಳಿವೆಯಲ್ಲಿ ನೀರಿಳಿದರೆ ತಾನೆ
ಕೋಡಿಬಾಗದ ಹೆಂಗಸರು ಸೀರೆ ಎತ್ತಿ ಕಟ್ಟಿ
ತಿಸರೆ ಹೆಕ್ಕಲು ನಡೆಯುವುದು?

'ಮುಷ್ಟಿ ಕಟ್ಟಿ' ಎಂದೆ.
ಇಳಿಯಲಿಲ್ಲ.
'ಬಿಡಿ. ಇನ್ನೊಮ್ಮೆ.'
ಬೆರಳು ಮಡಚುವಷ್ಟರಲ್ಲಿ ಪರದೆ ಒಂದು ಪುಟ ಸರಿಯಿತು.
ಲಕ್ಷ ಲಕ್ಷ ಜೀವಕೋಶ ಒಂದೇ ರಂಪಣಿ ಹಗ್ಗ ಹಿಡಿದು
ಐಸಾ, ಐಸಾ ಎನ್ನುತ್ತವೆ ಒಂದೇ ದನಿಯಲ್ಲಿ;
ಎಳೆಯುವುದಿಲ್ಲ.
ಇದು ಹುಟ್ಟುವುದು ಆಳದಲ್ಲಿ, ಎಂದಿದ್ದರು ಡಾಕ್ಟರಮ್ಮ,
ನೆತ್ತಿಯಲ್ಲಿ ನಿನಗೆ ಸಿಗುವುದು
ದಡಕ್ಕೆ ಬಂದ ನೊರೆ.

ತೋರಿಸು ಅಂದರು. ತೋರಿಸಿದೆ.
ಕಣ್ಣು ಮಿಟುಕಿಸದೆ ತುಂಬ ಹೊತ್ತು ನೋಡಿದರು.
ಮಿಟುಕುವುದೂ ಕಡಿಮೆ ಈ ರೋಗದಲ್ಲಿ.
'ಸೊನ್ನೆ ಎಲ್ಲಿ?'
'ಯಾವ ಸೊನ್ನೆ?'
'ಭರತಿ ಅಳೆಯಲು ಒಂದು ಸೊನ್ನೆ ಬೇಕಲ್ಲ.
ಇದಕ್ಕಿಂತ ಕೆಳಗೆ ನೀರು ಹೋಗುವುದಿಲ್ಲ ಅಂತ
ಗೊತ್ತು ಮಾಡಿದ ಗೆರೆ.
ಅಲ್ಲಿಂದ ಎಣಿಸಿದರೇ ಏರಿದ್ದು, ಇಳಿದದ್ದು.'
ನನ್ನ ಬಳಿ ಇರಲಿಲ್ಲ.
ರೋಗ ತಾಗುವ ಮೊದಲಿನ ಅವರ ತಲೆಯ ಒಂದು ಹಾಳೆ
ಯಾರ ಬಳಿಯೂ ಇಲ್ಲ.

'ರಿಜಿಸ್ಟರಿನಲ್ಲಿ ಉಂಟು' ಎಂದರು ಶೆವಂತಿ.
'ನಿವೃತ್ತಿಗೆ ನಾಲ್ಕು ವರ್ಷ ಇರುವಾಗಲೇ
ಅಂಕಿ ಸಣ್ಣಗಾದವು. ಸಾಲಿನ ಮೊದಲಿಗೆ ಕಡಲೆ ಕಾಳು,
ಕೊನೆಗೆ ಸಾಸಿವೆ.
ಸಾಹೇಬರು ಕನ್ನಡಕ ಬದಲಿಸಿದರು,
ತಮ್ಮದನ್ನು.'

ಎಂಟೂವರೆಗೆ ಗುಳಿಗೆ. ಇನ್ನು ಕಾಯುವುದು.
ಕಾಯುತ್ತ ಹೇಳಿದರು: ಧಕ್ಕೆಯ ಕಂಬಕ್ಕೆ ಕಟ್ಟಿದ ಕೊಳವೆ,
ಒಳಗೆ ತೇಲುವ ತಾಮ್ರದ ಗುಂಡು,
ತಳದಲ್ಲಿ ಹೆಬ್ಬೆರಳಿನಷ್ಟು ತೂತು.
ಹೊರಗೆ ಎಂಥ ತೆರೆ ಅಪ್ಪಳಿಸಿದರೂ
ಒಳಗೆ ನೀರು ಸಾವಕಾಶ ಏರಬೇಕು.
ಗುಂಡು ಏರಿದರೆ ಪೆನ್ನು ಏರುತ್ತದೆ.
ಒಮ್ಮೊಮ್ಮೆ ತೂತಿಗೆ ಚಿಪ್ಪು ಕಟ್ಟಿ
ಇಡೀ ದಿನ ಪೆನ್ನು ಒಂದೇ ನೆಟ್ಟನೆ ಗೆರೆ.
'ಆ ಕಾಗದ ನಂಬಿದರೆ ಸಮುದ್ರ ಸತ್ತಿದೆ.
ನಾನು ಹಾರೆ ಹಿಡಿದು ಇಳಿಯುತ್ತಿದ್ದೆ.'

ಒಂಬತ್ತೂ ಇಪ್ಪತ್ತಕ್ಕೆ ಮುಷ್ಟಿ ಕಟ್ಟಿದರು.
ಇಳಿಯಿತು.
ಪೂರ್ತಿ ಅಲ್ಲ, ಅಷ್ಟಮಿಯ ಇಳಿತ;
ಕೆಸರು ಕಾಣದಿದ್ದರೂ ಬಂಡೆಯ ತಲೆ ಕಾಣುವಷ್ಟು.
ನಾನು ಹೊತ್ತು ಗುರುತಿಸುವ ಮೊದಲೇ
ಪೆನ್ಸಿಲು ಕೇಳಿ ತಾವೇ ಬರೆದರು, ಹಾಳೆಯ ಅಂಚಿಗೆ:
೯.೨೦, ಇಳಿತ.
ಸಣ್ಣಕ್ಕೇ ಇತ್ತು. ಓದಬಹುದಿತ್ತು.

ಹೋಗುವಾಗ ಪಟ್ಟಿಗಳ ಕಡೆ ನೋಡಲೂ ಇಲ್ಲ.
ಮೂರು ತಾಸಿನ ನಂತರ ನೀರು ಮತ್ತೆ ಏರುವುದು
ನನಗೆ ಗೊತ್ತಿತ್ತು, ಅವರಿಗೆ ನನಗಿಂತ.

ಸಂಜೆ ನೆಲ ಒರೆಸುವ ರೇಣು ಕೇಳಿದಳು, ಇವನ್ನು ಕೀಳಲಾ?
ಇರಲಿ ಬಿಡು ಎಂದೆ.
ಒಂದು ಪಟ್ಟಿಯ ತುದಿ ಎದ್ದಿತ್ತು, ಮೇಲೊಂದು ಅಂಟಿಸೋಣ ಎಂದರೆ
ಪ್ಲಾಸ್ಟರಿನ ಉರುಳೆ ಎಲ್ಲೂ ಕಾಣಲಿಲ್ಲ.
ಹೊರಡುವಾಗ ಶೆವಂತಿಯ ಕೈಚೀಲ
ಬಂದಾಗಿಗಿಂತ ಕೊಂಚ ಉಬ್ಬಿತ್ತೇನೋ,
ಈಗ ನೆನಪಾಗುತ್ತಿದೆ.