ಜಗಾ

ರಾತ್ರಿ ಎರಡಕ್ಕ ಅದು ತಾನಾಗೇ ಏಳ್ತದ.
ಶಹಾಪುರದ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿ,
ಷಟರ್ ಎಳೆದ ಅಂಗಡಿಯೊಳಗ
ಅಂಗೈ ಅಗಲದ ಕರೀ ಡಬ್ಬಿ
ನೀಲಿ ಕಣ್ಣು ಮಿಟುಕಿಸಿ
ಹಗಲು ನಾವು ಮಾಡಿದ್ದನ್ನೆಲ್ಲ ನಕಲು ಮಾಡ್ಕೋತದ:
ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಉರ್ದು ಶಾದಿ ಕಾರ್ಡು,
ಹತ್ತಿಬೀಜದ ಕಂಪನಿಯ ಹಸಿರು ಹಸಿರು ಫ್ಲೆಕ್ಸು.

ಸೋಮವಾರ ಬಂದು ನೋಡಿದರ
ಪರದೆ ಮ್ಯಾಲ ಕೆಂಪು ಚೌಕ. ಜಗಾ ಇಲ್ಲ.
ಗುರುವಾರದಿಂದ ಒಂದಕ್ಷರ ಉಳಿದಿಲ್ಲ.

"ಹೋದ ವರ್ಷನೇ ತಂದೀನಲ್ಲವ್ವಾ,"
ಸೇಂಗಾ ಸುಲೀತ ಅಂದರು ಚಾಂದಪಾಶಾ ಸಾಹೇಬ್ರು,
"ಒಂದು ಟಿಬಿ ಅಂದ್ರ ಇಡೀ ಊರು ಹಿಡಿಸ್ತದ ಅಂದಿದ್ದ ಮಾರಿದಂವ."
ಹಿಡಿಸ್ತದ, ಸಾಹೇಬ್ರೆ. ಆದರ
ಅದೇ ಊರನ್ನ ದಿನಾ ಒಮ್ಮೊಮ್ಮಿ ತುಂಬಿದರ?

ನಮ್ಮ ಓಣ್ಯಾಗ ನಳ ನಾಕು ದಿನಕ್ಕೊಮ್ಮಿ.
ಅವ್ವನ ಲೆಕ್ಕ ನಂಗ ಬಾಯಿಪಾಠ:
ಈ ಪಾಳೀದು ಕುಡಿಯಾಕ,
ಹೋದ ಪಾಳೀದು ಬಟ್ಟಿ ಭಾಂಡೆಕ್ಕ,
ಅದರ ಹಿಂದಿಂದು, ತಳದಾಗ ಹುಳ ಕುಣಿಯೋದು,
ಬಾಗಿಲ ಮುಂದಿನ ಬೇವಿನ ಗಿಡಕ್ಕ.
ಕೊಡ ಬರಿದಾಗದ ಹೊರತು
ಹೊಸ ನೀರಿಗೆ ಕೂಡೋ ಜಗಾ ಇಲ್ಲ.

ಹಂಗೇ ಬರದೆ ನಾನೂ ಒಂದು ನಿಯಮ.
ಏಳು ದಿನದ ಏಳೂ ಇರಲಿ,
ಹಿಂದಕ್ಕ ವಾರಕ್ಕೊಂದು,
ಇನ್ನೂ ಹಿಂದಕ್ಕ ತಿಂಗಳಿಗೊಂದು, ಆರರ ತನಕ.
ಅದರಾಚೆದು ಎದ್ದು ಹೋಗಲಿ.
ಸಾಹೇಬ್ರ ಕವ್ವಾಲಿ ವಿಡಿಯೋ ಹೊರಗ.
ಕಸದ ಬುಟ್ಟೀನೂ ಹೊರಗ
(ಅದನ್ನೂ ದಿನಾ ಜ್ವಾಪಾನ ಮಾಡ್ತಿತ್ತು, ಮಳ್ಳು).

ಅಳಿಸೋ ಪಟ್ಟಿ ಮುಂದಿಟ್ಟು
"ಹೌದಾ?" ಅಂತ ಕೇಳ್ತಿತ್ತು ಪರದೆ,
ಅಷ್ಟರಾಗ ಬಂದಳು ದೋರನಹಳ್ಳಿ ಸಾಬಮ್ಮ,
ತಮ್ಮ ತೀರಿ ವರ್ಷ ತುಂಬೋ ಬ್ಯಾನರಿಗೆ.
"ಫೋಟೋ ಅದಲ್ಲವ್ವಾ, ಮೊದಲಿಂದು ಬೇಕು.
ಹೆಗಲ ಮ್ಯಾಲ ಒಂದು ಕೈ ಇತ್ತಲ್ಲ,
ಅದು ನಂದು."

ಇತ್ತು. ನಾನೇ ಕತ್ತರಿಸಿದ್ದೆ.
ಹುಟ್ಟುಹಬ್ಬದ ಫ್ಲೆಕ್ಸು ಶ್ರದ್ಧಾಂಜಲಿ ಆದ ದಿನ
ಬಲೂನು ತೆಗೆದು, ಅಂಗಿಗೆ ಬಿಳೀ ಹಚ್ಚಿ,
ಕೈ ಒರೆಸಿ, ಅದೇ ಹೆಸರಿನ ಮ್ಯಾಲೇ ಉಳಿಸಿದ್ದೆ:
"ಮಾನಪ್ಪ ಫೈನಲ್."
ಅವನ ಫೋನು ಯಾರ ಕೈಯಾಗ ಮಾರಾಟ ಆಯ್ತೋ.

ಪಟ್ಟಿಯ ಮೊದಲನೇ ಸಾಲು, ಹೋದ ಮಾರ್ಚಿನ ಒಂದು ಮಂಗಳವಾರ.
ತೆರೆದೆ.
ಗಿಣಿಹಸಿರು ಅಂಗಿ, ಓರೆ ಹಲ್ಲು,
ಹೆಗಲ ಮ್ಯಾಲ ಗಾಜಿನ ಬಳೆ ನಾಕು,
ಉಗುರಿನ ಸಂದ್ಯಾಗ ಹಿಟ್ಟು.

ಆಕಿ ಅಳಲಿಲ್ಲ. ಬಳೆ ಎಣಿಸಿದಳು.
"ಬ್ಯಾನರಿಗೆ ಬ್ಯಾಡ. ಸಣ್ಣದು ಮಾಡು, ಪರ್ಸಿನ್ಯಾಗ ಹಿಡಿಸೋವಷ್ಟು."
ಇಪ್ಪತ್ತು ರೂಪಾಯಿ ತಗೊಂಡೆ.
ಪುಕ್ಕಟೆ ಅಂದಿದ್ದರ ಆಕಿ ಒಯ್ತಿರಲಿಲ್ಲ.

ಆಕಿ ಹೋದ ಮ್ಯಾಲೂ ಪರದೆ ಕಾಯ್ತಾನೇ ಇತ್ತು. ಹೌದಾ?
ನೂರಾ ಹನ್ನೆರಡು ರಾತ್ರಿ.
ಯಾವುದರಾಗ ಯಾರ ಕೈ ಅದನೋ,
ಎಲ್ಲಾ ತೆರೆದು ನೋಡಾಕ ನಂಗೆಲ್ಲಿ ಆಯುಷ್ಯ.
ಗುರುವಾರದ್ದು ಇನ್ನೂ ಹೊರಗ ನಿಂತದ.
ಹೌದು ಅಂತ ಒತ್ತಿದೆ.

ಅವ್ವ ಚೆಲ್ಲಿದ ನೀರು ಎಲೆ ಆಗ್ತದ.
ಡಿಸ್ಕಿಗೆ ಬೇವಿನ ಗಿಡ ಇಲ್ಲ.

ಒಂದು ಮೂಲ್ಯಾಗ, ಎರಡು ಜಿಬಿ,
ನಿಯಮ ಮುಟ್ಟದಂಗ ಒಂದು ಫೋಲ್ಡರ್ ಮಾಡೀನಿ.
ಹೆಸರು: ಬೇವು.
ಸದ್ಯ ಅದರಾಗ ಒಂದೇ ಫೈಲು.
ಸಾಹೇಬ್ರಿಗೆ ಹೇಳಿಲ್ಲ.